ಕಾಕಾ ಅವರ ಮಾರ್ಜಿನ್

ಬೆಳಿಗ್ಗೆ ಹಾಲು ಕಾಯಲು ಇಟ್ಟು ಮೊಬೈಲ್ ತೆಗೆದರೆ ಹುಬ್ಬಳ್ಳಿಯಿಂದ ಕಾಕಾ ಕಳಿಸಿದ ಒಂದು ಫೋಟೊ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಪಟ್ಟಿಯಿಟ್ಟು ಗೆರೆ ಎಳೆದು, ನೀಲಿ ಶಾಯಿಯಲ್ಲಿ ಬರೆದ ಬೆಂಗಳೂರು ಪ್ರವಾಸದ ಖರ್ಚಿನ ತಖ್ತೆ. ರೈಲು, ಆಟೊ, ಲಾಡ್ಜು, ಇಡ್ಲಿ, ದೋಸೆ, ಊಟ, ಸಾಬಕ್ಕಿ ವಡೆ, ನೀರಿನ ಬಾಟಲಿ, ಎಲ್ಲವನ್ನೂ ಪೈಸೆ ಬಿಡದೆ ಐದು ಪಾಲು ಮಾಡಿದ್ದರು. ನಾಟಕದ ಟಿಕೆಟ್ಟು ಮಾತ್ರ ನಾಲ್ಕು ಪಾಲು. ಅದರ ಪಕ್ಕದಲ್ಲಿ ಒಂದು ಷರಾ: "ಸದರಿಯವರು ನಾಟಕ ನೋಡಿರುವುದಿಲ್ಲ. ಆದ ಕಾರಣ ನೋಡಿದವರೇ ಭರಿಸತಕ್ಕದ್ದು."

ಹಾಲು ಉಕ್ಕಿ ಒಲೆಯ ತುಂಬ ಹರಿಯಿತು.

ಹಣ ದೊಡ್ಡದೇನಲ್ಲ. ಅಷ್ಟು ಹಣಕ್ಕೆ ಈಗ ಲೈನ್ ಬಜಾರಿನಲ್ಲಿ ಅರ್ಧ ಕಿಲೊ ಪೇಡೆ ಬರುತ್ತದೋ ಇಲ್ಲವೋ. ಆದರೂ ನಾನು ಕೊಡುವುದಿಲ್ಲ. ಯಾಕೆ ಕೊಡುವುದಿಲ್ಲ ಎಂಬುದು ನಿಮಗೆ ತಿಳಿಯಬೇಕಾದರೆ ಈ ಪ್ರವಾಸದ ಯೋಜನೆ ಹೇಗೆ ತಯಾರಾಯಿತು ಎಂಬುದನ್ನು ಹೇಳಲೇಬೇಕು.

ಪ್ರವಾಸದ ಆಸೆ ನನ್ನದು. ಧಾರವಾಡದಲ್ಲಿ ಇದ್ದುಕೊಂಡು ನಾಟಕ ನೋಡಲು ಬೆಂಗಳೂರಿಗೆ ಹೋಗುತ್ತೇನೆ ಎಂದರೆ ಜನ ನಗುತ್ತಾರೆ. ರಂಗಾಯಣ ಇಲ್ಲಿದೆ, ಕಲಾಭವನ ಇಲ್ಲಿದೆ, ಗಿರೀಶ ಕಾರ್ನಾಡರು ಓದಿದ ಕಾಲೇಜು ಇಲ್ಲಿದೆ. ಹಾನಗಲ್ ತಾಲ್ಲೂಕಿನ ಶೇಷಗಿರಿಯಂಥ ಸಣ್ಣ ಹಳ್ಳಿಯಲ್ಲೂ ಒಂದು ರಂಗಮಂದಿರವಿರುವ ಸೀಮೆ ನಮ್ಮದು. ನಾಟಕಕ್ಕೆ ನಮ್ಮಲ್ಲಿ ಬರವಿಲ್ಲ. ಬರವಿರುವುದು ಭಾಷಣವಿಲ್ಲದ ನಾಟಕಕ್ಕೆ. ಯಾವ ಊರಿನಲ್ಲಾದರೂ ನೋಡಿರಿ, ಸಂಜೆ ಆರಕ್ಕೆ ನಾಟಕ ಎಂದು ಕರಪತ್ರದಲ್ಲಿ ಇರುತ್ತದೆ. ಆರೂಕಾಲಿಗೆ ಮೈಕು ಬರುತ್ತದೆ. ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ. ದೀಪ ಹಚ್ಚಲು ಹೋದರೆ ಫ್ಯಾನಿನ ಗಾಳಿಗೆ ಬೆಂಕಿಕಡ್ಡಿ ಆರುತ್ತದೆ. ಯಾರೋ ಫ್ಯಾನು ಬಂದ್ ಮಾಡಲು ಓಡುತ್ತಾರೆ, ಬಂದ್ ಆಗುವುದು ವೇದಿಕೆಯ ಲೈಟು. ಹಾರ, ಶಾಲು, ಹಣ್ಣಿನ ಬುಟ್ಟಿ. "ನಿಮಗೂ ನಾಟಕಕ್ಕೂ ನಡುವೆ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ" ಎಂದು ಮುಖ್ಯ ಅತಿಥಿಗಳು ಆಣೆ ಮಾಡಿ ಮಾತು ಶುರು ಮಾಡುತ್ತಾರೆ. ಪರದೆಯ ಹಿಂದೆ ಭೀಮ, ದುರ್ಯೋಧನ ಇಬ್ಬರೂ ಬಣ್ಣ ಹಚ್ಚಿಕೊಂಡು ಬೆವರುತ್ತಿರುತ್ತಾರೆ. ವಂದನಾರ್ಪಣೆ ಮುಗಿದು ಪರದೆ ಸರಿಯುವಷ್ಟರಲ್ಲಿ ಪ್ರೇಕ್ಷಕರು ಕೊನೆಯ ಬಸ್ಸಿನ ವೇಳೆ ನೋಡಿಕೊಳ್ಳುತ್ತಿರುತ್ತಾರೆ.

ಮುಖ್ಯ ಅತಿಥಿ ಇಲ್ಲದ ಒಂದು ನಾಟಕವನ್ನು ಜೀವಮಾನದಲ್ಲಿ ನೋಡಬೇಕು ಎಂಬುದಷ್ಟೇ ನನ್ನ ಬೇಡಿಕೆಯಾಗಿತ್ತು. ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರದಲ್ಲಿ ಅದು ಸಿಗುತ್ತದೆ ಎಂದು ಮಗಳು ಹೇಳುತ್ತಲೇ ಇದ್ದಳು. ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿದ್ದು, 2004ರಲ್ಲಿ ತೆರೆದದ್ದು. ಸೋಮವಾರ ಬಿಟ್ಟರೆ ದಿನವೂ ನಾಟಕ. ಏಳೂವರೆ ಎಂದರೆ ಏಳೂವರೆ. ಬಾಗಿಲು ಹಾಕಿದರೆ ಆಮೇಲೆ ಬಂದವರು ಯಾರೇ ಆದರೂ ಹೊರಗೆ.

"ಹೋಗೋಣ" ಎಂದರು ನಮ್ಮ ಮನೆಯವರು, ಪತ್ರಿಕೆಯಿಂದ ತಲೆ ಎತ್ತದೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. "ಕಾಕಾಗೂ ಒಂದು ಮಾತು ಹೇಳಿದರಾಯಿತು" ಎಂದು ಸೇರಿಸಿದರು.

ಕಾಕಾ ಎಂದರೆ ಇವರ ಚಿಕ್ಕಪ್ಪ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮನೆ. ಸರಕಾರಿ ಕಚೇರಿಯೊಂದರಲ್ಲಿ ಇದ್ದು ನಿವೃತ್ತರಾದವರು. ಸೇವೆಯಲ್ಲಿದ್ದಷ್ಟು ಕಾಲ ಹತ್ತು ಗಂಟೆಯ ಕಚೇರಿಗೆ ಹನ್ನೊಂದಕ್ಕೆ ಹೋಗಿ, ಹೋದ ಕೂಡಲೇ ಚಹಾಕ್ಕೆ ಹೊರಗೆ ಬರುತ್ತಿದ್ದರು ಎಂದು ಅವರ ಹೆಂಡತಿ, ನಮ್ಮ ಕಾಕು ಅವರೇ ಹೇಳುತ್ತಾರೆ. ಸಮಯಪಾಲನೆ ಅವರಿಗೆ ಪಿಂಚಣಿಯ ಜೊತೆಗೆ ಮಂಜೂರಾದದ್ದು. ಈಗ ಅವರು ಡಾಕ್ಟರ ಬಳಿ ಹೋದರೆ ಕಸ ಗುಡಿಸುವವರಿಗಿಂತ ಮೊದಲು ಹೋಗಿ ಮೆಟ್ಟಿಲ ಮೇಲೆ ಕೂರುತ್ತಾರೆ. ಮದುವೆಗೆ ಹೋದರೆ ಬೀಗರು ಇವರನ್ನು ಅಡುಗೆಯವರ ಕಡೆಯವರೆಂದು ತಿಳಿಯುತ್ತಾರೆ.

ವಿಷಯ ತಿಳಿದ ಸಂಜೆಯೇ ಕಾಕಾ ಧಾರವಾಡಕ್ಕೆ ಬಂದರು. ಕೈಯಲ್ಲಿ ಕ್ಯಾಲೆಂಡರ್ ಹಾಳೆ, ಕಿವಿಯ ಮೇಲೆ ಪೆನ್ಸಿಲ್. ಕುಳಿತವರೇ, "ನಾಟಕದ ವಿಚಾರ ಆಮೇಲೆ ನೋಡೋಣ ತಂಗಿ, ಮೊದಲು ಊಟ-ತಿಂಡಿ ಗೊತ್ತಾಗಲಿ" ಎಂದರು. ಅವರ ಬಳಿ ಬೆಂಗಳೂರಿನ ಹೋಟೆಲುಗಳ ಒಂದು ಪಟ್ಟಿ ಆಗಲೇ ತಯಾರಾಗಿತ್ತು. ಕಚೇರಿಯ ಅಭ್ಯಾಸ ಹೋಗಿಲ್ಲ, ಪಟ್ಟಿಯನ್ನು ಸೇವಾ ಜ್ಯೇಷ್ಠತೆಯ ಪ್ರಕಾರ ಮಾಡಿದ್ದರು. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್., 1924. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, 1943. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್, 1965. ಎಲ್ಲಕ್ಕಿಂತ ಕೆಳಗೆ, ತೀರ ಕಿರಿಯ ನೌಕರನಾಗಿ, ರಂಗಶಂಕರ, 2004. ಬಡ್ತಿಯ ಸರದಿ ಅದಕ್ಕೆ ಬರುವ ಲಕ್ಷಣ ಕಾಣಲಿಲ್ಲ.

ಆಮೇಲೆ ದಿನ ಗೊತ್ತುಮಾಡುವುದು. ಮದುವೆಯ ಮುಹೂರ್ತಕ್ಕೂ ನಮ್ಮ ಮನೆಯಲ್ಲಿ ಇಷ್ಟು ಚರ್ಚೆ ಆಗಿರಲಿಲ್ಲ. ಸೋಮವಾರ ರಂಗಶಂಕರಕ್ಕೂ ರಜೆ, ಎಂ.ಟಿ.ಆರ್.ಗೂ ರಜೆ. "ಸೋಮವಾರ ಬೆಂಗಳೂರಿಗೆ ಹೋಗುವವನು ಮನುಷ್ಯನೇ ಅಲ್ಲ" ಎಂದರು ಕಾಕಾ. ಮಂಗಳವಾರ ಧಾರವಾಡದ ವಂದೇ ಭಾರತ್ ಓಡುವುದಿಲ್ಲ. ಗುರುವಾರ ಕಾಕಾ ಅವರಿಗೆ ರಾಯರ ವಾರ, ಒಪ್ಪತ್ತು. ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜೆ. ಶನಿವಾರ ಕಾಕು ಅವರ ಉಪವಾಸ. ರವಿವಾರ ಕಾಫಿ ಬಾರ್ ತೆರೆಯುವುದಿಲ್ಲ. ಉಳಿದದ್ದು ಬುಧವಾರ ಒಂದೇ. ಎಲ್ಲ ಹೋಟೆಲುಗಳೂ ತೆರೆದಿರುವ, ಯಾರಿಗೂ ಉಪವಾಸವಿಲ್ಲದ, ರೈಲೂ ಓಡುವ ಆ ಒಂದೇ ಶುಭದಿನದಂದು ರಂಗಶಂಕರದಲ್ಲಿ ಇದ್ದದ್ದು ಇಂಗ್ಲಿಷ್ ನಾಟಕ.

"ಇಂಗ್ಲಿಷ್ ಆದರೆ ಏನಾಯಿತು, ನೋಡಿದರಾಯಿತು" ಎಂದರು ಕಾಕಾ. ಅವರಿಗೆ ದೋಸೆ ಯಾವ ಭಾಷೆಯಲ್ಲಿದ್ದರೂ ನಡೆಯುತ್ತಿತ್ತು.

ನಾನು ಹಟ ಹಿಡಿದೆ. ಶನಿವಾರ ಕನ್ನಡ ನಾಟಕವಿತ್ತು, ಮಹಾಭಾರತದ ಕಥೆ. ಉಪವಾಸದ ಸಮಸ್ಯೆಯನ್ನು ಬಗೆಹರಿಸಿದವಳು ಮಗಳು. ರಂಗಶಂಕರದ ಕೆಫೆಯ ಸಾಬಕ್ಕಿ ವಡೆ ನಾಟಕ ನೋಡದವರಿಗೂ ಗೊತ್ತಿರುವಷ್ಟು ಹೆಸರಾದದ್ದು, ಸಾಬಕ್ಕಿಯಾದರೆ ಉಪವಾಸಕ್ಕೆ ನಡೆಯುತ್ತದಲ್ಲ ಎಂದಳು. ಕಾಕು ಮುಖ ಅರಳಿತು. ಅವರು ಈ ಇಡೀ ಯೋಜನೆಯಲ್ಲಿ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

ಇನ್ನು ರೈಲು. ವಂದೇ ಭಾರತ್ ಧಾರವಾಡದಿಂದ ಮಧ್ಯಾಹ್ನ ಒಂದೂಕಾಲಿಗೆ ಹೊರಟರೆ ಬೆಂಗಳೂರು ಮುಟ್ಟುವುದು ಏಳೂಮುಕ್ಕಾಲರ ಸುಮಾರಿಗೆ. ನಾಟಕ ಏಳೂವರೆಗೆ. ಸುಮಾರು 490 ಕಿಲೊಮೀಟರ್ ಗಾಳಿಯಲ್ಲಿ ಬಂದಂತೆ ಬಂದು ಕಾಲು ತಾಸಿನಿಂದ ನಾಟಕ ತಪ್ಪುವುದು ಎಂದರೆ ನನಗೆ ಸಂಕಟ, ಕಾಕಾಗೆ ಸಮಾಧಾನ. ರಾತ್ರಿಯ ರೈಲೇ ಸರಿ, ಬೆಳಗಿನ ಆರಕ್ಕೆ ಇಳಿದರೆ ನಾಟಕಕ್ಕೆ ಹದಿಮೂರೂವರೆ ತಾಸಿನ ಮಾರ್ಜಿನ್ ಸಿಗುತ್ತದೆ ಎಂದು ಅವರು ಹಾಳೆಯ ಮೇಲೆ ಬರೆದು ಅದಕ್ಕೆ ಒಂದು ಚೌಕ ಹಾಕಿದರು.

ಈ ಮಾರ್ಜಿನ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀವು ನಾವೆಲ್ಲ ಹೊರಡುವ ಹೊತ್ತಿನಿಂದ ಮುಂದಕ್ಕೆ ಎಣಿಸುತ್ತೇವೆ. ಕಾಕಾ ಮುಟ್ಟುವ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತಾರೆ. ಎಣಿಸುವಾಗ ಕಣ್ಣು ಅರ್ಧ ಮುಚ್ಚಿರುತ್ತಾರೆ. ನಡುವೆ ಯಾರೂ ಮಾತನಾಡಬಾರದು.

"ರೈಲು ಹನ್ನೊಂದಕ್ಕೆ ಎಂದು ಹಿಡಿಯೋಣ. ಒಂದು ತಾಸು ಮುಂಚೆ ನಿಲ್ದಾಣ, ಹತ್ತು. ನಮ್ಮ ಪ್ಲಾಟ್‌ಫಾರ್ಮ್ ಎಷ್ಟು ಉದ್ದ ಗೊತ್ತಲ್ಲ?"

ಗೊತ್ತಿಲ್ಲದೆ ಏನು. 2023ರಲ್ಲಿ ಅದರ ಉದ್ಘಾಟನೆ ಆದಾಗಿನಿಂದ ಹುಬ್ಬಳ್ಳಿಯವರು ಬಂದ ನೆಂಟರಿಗೆ ನೀರು ಕೊಡುವ ಮೊದಲು ಹೇಳುವ ಮಾತೇ ಅದು. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲಿಯೇ ಉದ್ದನೆಯದು.

"ಒಂದೂವರೆ ಕಿಲೊಮೀಟರ್. ನಮ್ಮ ಡಬ್ಬಿ ಆ ತುದಿಗೆ ನಿಂತರೆ? ಇವಳ ಮೊಣಕಾಲಿಗೆ ಅರ್ಧ ತಾಸು. ಒಂಬತ್ತೂವರೆ. ವಿದ್ಯಾನಗರದಿಂದ ಆಟೊ, ಅರ್ಧ ತಾಸು. ಒಂಬತ್ತು. ಆಟೊ ಸಿಗದಿದ್ದರೆ ಕಾಲು ತಾಸು. ಎಂಟೂಮುಕ್ಕಾಲು. ಊಟ ನಮ್ಮಲ್ಲಿಯೇ, ಒಂದು ತಾಸು. ಏಳೂಮುಕ್ಕಾಲು. ನೀವು ಚಿಗರಿ ಬಸ್ಸಿಗೆ ಬರಲು ಒಂದು ತಾಸು. ಆರೂಮುಕ್ಕಾಲು. ಬಸ್ಸಿನಲ್ಲಿ ಜಾಗ ಇಲ್ಲದಿದ್ದರೆ ಕಾಲು ತಾಸು. ಆರೂವರೆ. ಮಳೆ ಬಂದರೆ ಅರ್ಧ ತಾಸು. ಆರು."

"ಮಳೆ ಬಾರದಿದ್ದರೆ?"

"ಬಾರದಿದ್ದರೆ ಆ ಅರ್ಧ ತಾಸು ಉಳಿಯಿತು. ನಷ್ಟ ಏನು?"

ಇಷ್ಟಕ್ಕೇ ಮುಗಿಯಲಿಲ್ಲ. ಒಂದೊಂದು ಕೆಲಸಕ್ಕೂ ಒಂದೊಂದು ಮಾರ್ಜಿನ್ ಇಟ್ಟಾದ ಮೇಲೆ ಕೊನೆಗೆ ಒಟ್ಟು ಮೊತ್ತದ ಮೇಲೆ ಅರ್ಧ ತಾಸಿನ ಇನ್ನೊಂದು ಮಾರ್ಜಿನ್ ಬಿತ್ತು, ಹಳೆಯ ಸಾಹುಕಾರರ ಚಕ್ರಬಡ್ಡಿಯ ಹಾಗೆ. ಅಂತೂ ಹನ್ನೊಂದರ ರೈಲಿಗೆ ನಾವು ಐದೂವರೆಗೆ ಮನೆ ಬಿಡಬೇಕೆಂದು ತೀರ್ಮಾನವಾಯಿತು.

ಇಲ್ಲಿ ಓದುಗರ ಗಮನಕ್ಕೆ ಒಂದು ಸಂಗತಿ ತರಬೇಕು. ನಮ್ಮ ಮನೆ ಇರುವುದು ಮಾಳಮಡ್ಡಿಯಲ್ಲಿ. ಧಾರವಾಡ ರೈಲು ನಿಲ್ದಾಣಕ್ಕೆ ನಡೆದರೆ ಹತ್ತು ನಿಮಿಷ. ನಾವು ಹತ್ತಬೇಕಾದ ರೈಲು ಹುಬ್ಬಳ್ಳಿಗೆ ಹೋಗುವುದೇ ಧಾರವಾಡದ ಮೇಲೆ. ಎಂದರೆ, ನಮ್ಮ ಮನೆಯ ಹಿಂದೆಯೇ ಸೀಟಿ ಊದುತ್ತ ಹಾದುಹೋಗುವ ರೈಲನ್ನು ಹಿಡಿಯಲು ನಾವು ಅದಕ್ಕಿಂತ ಐದು ತಾಸು ಮೊದಲು ಬ್ಯಾಗು ಹೊತ್ತು ಹುಬ್ಬಳ್ಳಿಗೆ ಓಡಬೇಕು. ಇದನ್ನು ನಾನು ವಿನಯದಿಂದಲೇ ಹೇಳಿದೆ.

"ಧಾರವಾಡದಲ್ಲಿ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ? ನಿನ್ನ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇದ್ದಾಗ ಬಿಟ್ಟರೆ? ಮಾರ್ಜಿನ್ ಎಲ್ಲಿದೆ ತಂಗಿ?" ಎಂದರು ಕಾಕಾ. ನಮ್ಮ ಮನೆಯವರು ಪತ್ರಿಕೆಯ ಇನ್ನೊಂದು ಪುಟ ತಿರುವಿದರು.

ಆ ಸಂಜೆ ಮಳೆ ಬರಲಿಲ್ಲ. ಜುಬಿಲಿ ಸರ್ಕಲ್ಲಿಗೆ ಹೋದ ಕೂಡಲೇ ಚಿಗರಿ ಬಂತು, ಕೂರಲು ಜಾಗವೂ ಸಿಕ್ಕಿತು. ಅದಕ್ಕೆ ತನ್ನದೇ ದಾರಿ ಇರುವುದರಿಂದ ಯಾರಿಗೂ ಕಾಯದೆ ನವಲೂರು, ರಾಯಾಪುರ, ಉಣಕಲ್ ಎಲ್ಲ ದಾಟಿಸಿ ವಿದ್ಯಾನಗರದಲ್ಲಿ ಇಳಿಸಿತು. ಬಾಗಿಲು ತೆರೆದ ಕಾಕಾ ಗಡಿಯಾರ ನೋಡಿ, "ಇಷ್ಟು ಬೇಗ ಯಾಕೆ ಬಂದಿರಿ? ಕುಕ್ಕರ್ ಇನ್ನೂ ಇಟ್ಟಿಲ್ಲ" ಎಂದರು. ನಿಲ್ದಾಣದಲ್ಲಿ ನಾವು ಕುಳಿತ ಬೆಂಚಿನ ಎದುರಿಗೇ ನಮ್ಮ ಡಬ್ಬಿ ಬಂದು ನಿಂತಿತು. 1,507 ಮೀಟರಿನಲ್ಲಿ ನಮಗೆ ಬೇಕಾದದ್ದು ನಾಲ್ಕು ಹೆಜ್ಜೆ.

ಬೆಂಗಳೂರಿನ ಆ ಹಗಲನ್ನು ನಾನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಹೊಟ್ಟೆಗೆ ಆ ಭಾಗ್ಯ ಇರಲಿಲ್ಲ. ಕಾಫಿ ಬಾರಿನಲ್ಲಿ ರಸ್ತೆಯ ಪಕ್ಕ ನಿಂತು ಇಡ್ಲಿ, ವಡೆ, ಚಟ್ನಿ. ಅಲ್ಲಿ ಸಾಂಬಾರು ಕೊಡುವುದೇ ಇಲ್ಲ ಎಂಬುದು ಕಾಕಾಗೆ ಬಹಳ ಹಿಡಿಸಿತು, ಬೆಂಗಳೂರಿನ ಸಿಹಿ ಸಾಂಬಾರಿನ ಮೇಲೆ ಅವರಿಗೆ ಹಳೆಯ ಸಿಟ್ಟಿದೆ. ಅಲ್ಲಿಂದ ವಿದ್ಯಾರ್ಥಿ ಭವನ. ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಮಾಣಿಯನ್ನು ನೋಡುತ್ತ ಉಪವಾಸದ ಕಾಕು ಕಾಫಿ ಕುಡಿದರು. ಮಧ್ಯಾಹ್ನ ಎಂ.ಟಿ.ಆರ್. ಸರದಿಯಲ್ಲಿ ನಿಂತಾಗ, ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಇವರೇ ರವೆ ಇಡ್ಲಿ ಮಾಡಿದ್ದು ಎಂದು ಕಾಕಾ ಮುಂದೆ ನಿಂತಿದ್ದ ಅಪರಿಚಿತರಿಗೆ ತಿಳಿಸಿದರು. ಅವರು ಅಲ್ಲಿಯವರೇ, ಬಹುಶಃ ಹುಟ್ಟಿದಾಗಿನಿಂದ ಅಲ್ಲಿಯೇ ತಿನ್ನುತ್ತಿರುವವರು. ಪಾಪ, ಕೇಳಿಸಿಕೊಂಡರು.

ವೇಳಾಪಟ್ಟಿಯಲ್ಲಿ ಊಟದ ನಂತರ "ಜೀರ್ಣ: 1 ತಾಸು" ಎಂದು ಬರೆದಿತ್ತು. ಅದನ್ನು ಲಾಡ್ಜಿನಲ್ಲಿ ಮುಗಿಸಿದೆವು. ನಾನು ಸೀರೆ ಬದಲಿಸಿ, ಐದೂವರೆಗೆ ಹೊರಟರೆ ಸಾಕೇನೋ ಎಂದುಕೊಳ್ಳುತ್ತಿರುವಾಗ ಬಾಗಿಲು ಬಡಿದ ಸದ್ದಾಯಿತು. ನಾಲ್ಕು ಗಂಟೆ. ಮಗಳು ಯಾವಾಗಲೋ ಫೋನಿನಲ್ಲಿ ಹೇಳಿದ ಒಂದು ಮಾತು ಕಾಕಾ ಅವರ ನಿದ್ದೆ ಕೆಡಿಸಿತ್ತು. ಅಲ್ಲಿ ಸೀಟಿಗೆ ನಂಬರ್ ಇರುವುದಿಲ್ಲ. ಮೊದಲು ಬಂದವರು ಬೇಕಾದಲ್ಲಿ ಕೂರಬಹುದು.

ನಂಬರ್ ಇಲ್ಲದ ಸೀಟು! ಆ ಕ್ಷಣದಲ್ಲಿ ಕಾಕಾ ಅವರ ಮುಖ ನೀವು ನೋಡಬೇಕಾಗಿತ್ತು. ಗಾಂಧಿ ಬಜಾರಿನಿಂದ ಜೆ.ಪಿ. ನಗರಕ್ಕೆ ಐದಾರು ಕಿಲೊಮೀಟರ್, ಬೆಂಗಳೂರಿನ ಟ್ರಾಫಿಕ್ಕಿಗೆ ಎರಡು ತಾಸು ಇರಲಿ ಎಂದು ಲೆಕ್ಕ ಹಾಕಿದ್ದರು. ಆಟೊದವನು ಗದಗ ಕಡೆಯ ಹುಡುಗ. ನಮ್ಮ ಮಾತು ಕೇಳಿ ಖುಷಿಯಾಗಿ, ಊರಿನವರೆಂಬ ಅಭಿಮಾನದಿಂದ ಸಂದಿಗೊಂದಿಗಳಲ್ಲಿ ನುಗ್ಗಿಸಿ ನಾಲ್ಕೂವರೆಗೆ ತಂದು ನಿಲ್ಲಿಸಿಬಿಟ್ಟ.

ರಂಗಶಂಕರದಲ್ಲಿ ಆಗ ಯಾರೂ ಇರಲಿಲ್ಲ. ಹಾಗೆನ್ನುವುದು ತಪ್ಪು, ಎಲ್ಲರೂ ಒಳಗಿದ್ದರು. ಶನಿವಾರ ಮಧ್ಯಾಹ್ನ ಮೂರೂವರೆಗೂ ಅದೇ ನಾಟಕದ ಒಂದು ಪ್ರದರ್ಶನ ಇರುತ್ತದೆ, ಅದು ನಡೆಯುತ್ತಿತ್ತು. ಕಾಕಾ ಮಾರ್ಜಿನ್ನನ್ನು ಇನ್ನೊಂದೇ ಒಂದು ತಾಸು ಹಿಗ್ಗಿಸಿದ್ದರೆ ನಾವು ಹಿಂದಿನ ಆಟವನ್ನೇ ನೋಡಿಬಿಡಬಹುದಿತ್ತು ಎಂದು ನಮ್ಮ ಮನೆಯವರು ಹೇಳಿದರು. ಇಡೀ ಪ್ರವಾಸದಲ್ಲಿ ಅವರು ತಾವಾಗಿ ಆಡಿದ ಮಾತು ಇದು.

ಕೆಫೆಯಲ್ಲಿ ಕುಳಿತೆವು. ಸಾಬಕ್ಕಿ ವಡೆ ಬಂತು, ಚಹಾ ಬಂತು, ಮತ್ತೆ ವಡೆ ಬಂತು. ಕಾಕಾ ಮುಚ್ಚಿದ ಬಾಗಿಲಿನ ಮುಂದೆ ಒಬ್ಬರೇ ಸಾಲು ನಿಂತರು. ಒಬ್ಬರೇ ಸಾಲು ಹೇಗಾಗುತ್ತಾರೆ ಎಂದು ಕೇಳಬೇಡಿ, ನಿಂತ ಭಂಗಿಯಿಂದ ಆಗಿದ್ದರು. ಹೆಗಲ ಮೇಲೆ ಮಡಿಸಿದ ಶಾಲು, ಸೀಟು ಹಿಡಿಯಲು.

"ಇವರು ಮೊದಲಿನಿಂದಲೂ ಹೀಗೆಯೇ?" ಎಂದು ನಾನು ಕಾಕು ಅವರನ್ನು ಕೇಳಿದೆ. ಸಿಟ್ಟಿನಿಂದಲೇ ಕೇಳಿದ್ದು.

ಕಾಕು ವಡೆ ಮುರಿಯುತ್ತ ಹೇಳಿದರು. ಕಾಕಾ ಅವರ ಹುಟ್ಟೂರು ರೋಣ ತಾಲ್ಲೂಕಿನ ಒಂದು ಹಳ್ಳಿ. ಬನದ ಹುಣ್ಣಿಮೆಗೆ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುತ್ತಿದ್ದರಂತೆ. ಜಾತ್ರೆಯಲ್ಲಿ ನಾಟಕ ಕಂಪನಿಗಳ ಡೇರೆಗಳು. ಆಟ ಶುರುವಾಗುವುದು ರಾತ್ರಿ ಉಂಡ ಮೇಲೆ, ಮುಗಿಯುವುದು ಬೆಳಗಿನ ಜಾವ. ನೆಲದ ಟಿಕೆಟ್ಟಿನವರು ಮುಂದೆ ಕೂರಬೇಕಾದರೆ ಹೊತ್ತು ಮುಳುಗುವ ಮೊದಲೇ ಹೋಗಿ ಬಾಗಿಲಲ್ಲಿ ಕಾಯಬೇಕು, ಬಿಟ್ಟ ಕೂಡಲೇ ಓಡಿ ಕಂಬಳಿ ಹಾಸಬೇಕು. ಮನೆಯಲ್ಲಿ ಎಲ್ಲರಿಗಿಂತ ಸಣ್ಣವರು ಕಾಕಾ. ಆ ಕೆಲಸ ಅವರದು. ಕಂಬಳಿ ಹಾಸಿ ಅದರ ನಟ್ಟನಡುವೆ ಕೂತು, ಬಂದವರನ್ನೆಲ್ಲ ಜಗಳಾಡಿ ಓಡಿಸಿ, ದೊಡ್ಡವರು ರೊಟ್ಟಿ ಗಂಟಿನ ಜೊತೆ ನಿಧಾನವಾಗಿ ಬರುವವರೆಗೆ ಜಾಗ ಕಾಯುತ್ತಿದ್ದರಂತೆ. ಅವರು ಬಂದು ಕೂತು, ಪೇಟಿಯವನು ಮೊದಲ ಸ್ವರ ಹಿಡಿಯುವಷ್ಟರಲ್ಲಿ ಹುಡುಗನಿಗೆ ನಿದ್ದೆ. ಮಂಗಳ ಹಾಡಿದ ಮೇಲೆ ಎಬ್ಬಿಸಿ ಚಕ್ಕಡಿಯಲ್ಲಿ ಮಲಗಿಸುತ್ತಿದ್ದರು. ದಾರಿಯುದ್ದಕ್ಕೂ ದೊಡ್ಡವರು ರಂಗಗೀತೆ ಗುನುಗುವುದು, ಯಾರ ಪಾತ್ರ ಹೇಗಾಯಿತೆಂದು ಮಾತನಾಡುವುದು. ಇವರು ಅದನ್ನು ಕೇಳಿಕೊಂಡೇ ಕಥೆ ಕಲಿತದ್ದು.

"ಅದಕ್ಕೇ ಈಗ ಎಲ್ಲಿ ನಾಟಕ ನೋಡಿದರೂ ನನ್ನ ಕಿವಿಯಲ್ಲಿ ಮುಂದಿನ ಕಥೆ ಹೇಳುತ್ತಿರುತ್ತಾರೆ. ಕೀಚಕ ಒಳಗೆ ಬರುವ ಮೊದಲೇ ಇವರು ಅವನನ್ನು ಕೊಂದಿರುತ್ತಾರೆ" ಎಂದರು ಕಾಕು.

ಬನಶಂಕರಿಯಲ್ಲಿ ಈಗಲೂ ಕಂಪನಿಗಳು ಡೇರೆ ಹಾಕುತ್ತವೆ. ಈಗ ಪ್ಲಾಸ್ಟಿಕ್ ಕುರ್ಚಿಗಳಿವೆ. ಕಂಬಳಿ ಹಾಸಲು ಯಾವ ಮನೆಯವರೂ ಹುಡುಗರನ್ನು ಕಳಿಸುವುದಿಲ್ಲ. ನನ್ನ ಸಿಟ್ಟು ಅರ್ಧಕ್ಕೆ ಇಳಿಯಿತು. ಇನ್ನೊಂದು ವಡೆಯನ್ನು ಅವರು ನಿಂತಲ್ಲಿಗೇ ಒಯ್ದು ಕೊಟ್ಟೆ. "ಜಾಗ ಬಿಟ್ಟು ಬರಲಾರೆ, ಇಲ್ಲಿಯೇ ಕೊಡು" ಎಂದು ನಿಂತೇ ತಿಂದರು.

ಏಳು ಗಂಟೆಗೆ ಸಾಲು ನಿಜವಾದ ಸಾಲಾಯಿತು. ಬಾಗಿಲು ತೆರೆದ ಕೂಡಲೇ ಕಾಕಾ ಒಳಗೆ ನುಗ್ಗಿದರು. ನಾವು ಹೋಗುವಷ್ಟರಲ್ಲಿ ನಡುಸಾಲಿನ ಐದು ಆಸನಗಳ ಮೇಲೆ ಶಾಲು, ಟೋಪಿ, ಕನ್ನಡಕದ ಡಬ್ಬಿ, ಕರವಸ್ತ್ರ ಹಾಗೂ ಸ್ವತಃ ಕಾಕಾ ಇದ್ದರು. ವೈಟ್‌ಫೀಲ್ಡಿನಿಂದ ಮಗಳು ಏಳು ಇಪ್ಪತ್ತಕ್ಕೆ ಬಂದು, ಆತುರವಿಲ್ಲದೆ ನಡೆದು, ನಮ್ಮ ಸಾಲಿನಲ್ಲೇ ಕೂತಳು. ಆ ಸಾಲಿನಲ್ಲಿ ಆಗಲೂ ಖಾಲಿ ಆಸನಗಳಿದ್ದವು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆಗ ಕಾಕಾ ಅವರ ಫೋನು ನಡುಗಿತು.

ರಾತ್ರಿ ಊಟಕ್ಕೆಂದು ಅವರು ಹಗಲೆಲ್ಲ ಹಲವು ಹೋಟೆಲುಗಳಿಗೆ ಫೋನ್ ಮಾಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತೀರಿ ಎಂದು ವಿಚಾರಿಸಿದ್ದರು. ಅದರಲ್ಲಿ ಎತ್ತದ ಒಬ್ಬರು ಈಗ ಮರಳಿ ಮಾಡಿದ್ದರು. ಮೊಬೈಲ್ ಬಂದ್ ಮಾಡಬೇಕೆಂದು ಸೂಚನೆ ಕೊಡುತ್ತಿದ್ದರು. ಒಳಗೆ ಮಾತನಾಡುವ ಹಾಗಿಲ್ಲ. "ಐದು ನಿಮಿಷ ಮಾರ್ಜಿನ್ ಇದೆ" ಎಂದು ಕೈಸನ್ನೆ ಮಾಡಿ, ಆಸನದ ಮೇಲೆ ಶಾಲು ಹಾಸಿ, ಕಾಕಾ ಹೊರಗೆ ಹೋದರು.

ಹೊರಗೆ ನಡೆದದ್ದನ್ನು ಅವರೇ ಆಮೇಲೆ ಹೇಳಿದ್ದು. ಹತ್ತೂವರೆಯವರೆಗೆ ಊಟ ಇರುತ್ತದೆ ಎಂದು ತಿಳಿದ ಮೇಲೆ ಫೋನ್ ಇಡಬಹುದಿತ್ತು. ಇಡಲಿಲ್ಲ. ಚಪಾತಿ ಇರುತ್ತದೆಯೇ, ಬಿಸಿ ಇರುತ್ತದೆಯೇ, ಸಾಂಬಾರಿಗೆ ಬೆಲ್ಲ ಹಾಕುತ್ತೀರಾ, ಹಾಕುವುದಾದರೆ ಎಷ್ಟು, ಐದು ಜನರಿಗೆ ಒಂದೇ ಕಡೆ ಜಾಗ ಹಿಡಿದಿಡಲು ಆಗುತ್ತದೆಯೇ, ಹತ್ತಕ್ಕೆ ಬರುತ್ತೇವೆ ಎಂದರೆ ಒಂಬತ್ತೂವರೆಗೇ ಹಿಡಿದಿಡುತ್ತೀರಾ. ಇಷ್ಟು ಕೇಳಿ ತಿರುಗಿ ನೋಡಿದಾಗ ಬಾಗಿಲು ಹಾಕಿತ್ತು.

"ನಾಟಕ ಶುರುವಾಗಿದೆ ಸರ್, ಈಗ ಬಿಡುವ ಹಾಗಿಲ್ಲ" ಎಂದ ಬಾಗಿಲಲ್ಲಿದ್ದ ಹುಡುಗ. ಬಹಳ ಸೌಜನ್ಯದಿಂದ ಹೇಳಿದನಂತೆ, ಅದನ್ನು ಕಾಕಾ ಒಪ್ಪುತ್ತಾರೆ.

"ನಾನು ತಡವಾಗಿ ಬಂದವನಲ್ಲಪ್ಪ. ನಾಲ್ಕೂವರೆಯಿಂದ ಇಲ್ಲಿಯೇ ಇದ್ದೇನೆ."

"ಗೊತ್ತು ಸರ್, ನೋಡಿದ್ದೇನೆ."

"ತಡವಾಗಿ ಬಂದವರಿಗೆ ಪ್ರವೇಶವಿಲ್ಲ ಎಂದು ತಾನೆ ನಿಮ್ಮ ನಿಯಮ? ಮೂರು ತಾಸು ಮುಂಚೆ ಬಂದವನು ತಡವಾಗಿ ಬಂದವನು ಹೇಗಾಗುತ್ತಾನೆ?"

ಹುಡುಗ ಯೋಚಿಸಿದನಂತೆ.

"ನನ್ನ ಶಾಲು ಒಳಗಿದೆ. ಶಾಲು ವೇಳೆಗೆ ಸರಿಯಾಗಿ ಒಳಗೆ ಹೋಗಿದೆ. ಹಾಗಾದರೆ ನಾನೂ ಕಾನೂನಿನ ಪ್ರಕಾರ ಒಳಗೆ ಇದ್ದಂತೆಯೇ."

"ಹೌದು ಸರ್. ಒಳಗೆ ಇದ್ದವರಿಗೆ ಬಾಗಿಲು ತೆಗೆಯುವ ಅಗತ್ಯ ಇರುವುದಿಲ್ಲವಲ್ಲ ಸರ್."

ನಾನು ಆ ಹುಡುಗನ ತಾಯಿಯನ್ನು ಒಮ್ಮೆ ನೋಡಬೇಕು.

ಒಳಗೆ ನಮಗೆ ಇದೊಂದೂ ತಿಳಿಯದು. ದೀಪ ಆರಿತು. ಯಾರೂ ಸ್ವಾಗತಿಸಲಿಲ್ಲ, ಯಾರೂ ವಂದಿಸಲಿಲ್ಲ, ಕತ್ತಲಿನಿಂದ ನೇರವಾಗಿ ಒಂದು ಹೆಣ್ಣಿನ ದನಿ ಎದ್ದು ಬಂತು. ಪಾತ್ರಧಾರಿಗಳ ಉಸಿರು ಕೇಳುವಷ್ಟು ಹತ್ತಿರ ಕೂತಿದ್ದೆವು. ಅದಕ್ಕೆ ಕಾಕಾ ಅವರೇ ಕಾರಣ ಎಂಬುದನ್ನು ಅಲ್ಲಗಳೆಯುವುದಿಲ್ಲ. ಪಕ್ಕದಲ್ಲಿ ಆ ಶಾಲು ಇಡೀ ನಾಟಕವನ್ನು ಗಂಭೀರವಾಗಿ ನೋಡಿತು.

ಹೊರಗೆ ಬಂದಾಗ ಕಾಕಾ ಕೆಫೆಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಧಾರವಾಡದ ಪೇಡೆಗೂ ಹೊರಗಿನ ಪೇಡೆಗೂ ಇರುವ ಅಂತರವನ್ನು ವಿವರಿಸುತ್ತಿದ್ದರು. ಮುಖದಲ್ಲಿ ದುಃಖದ ಸುಳಿವಿರಲಿಲ್ಲ. ಜಾಗ ಹಿಡಿದಿಟ್ಟ ಹೋಟೆಲಿಗೆ ಅಂದುಕೊಂಡ ಹೊತ್ತಿಗೆ ಹೋಗಿ ಮುಟ್ಟಲು ಮಾತ್ರ ನಮಗೆ ಆಗಲಿಲ್ಲ. ಎಲ್ಲ ಮಾರ್ಜಿನ್ನುಗಳು ಹಗಲೇ ಖರ್ಚಾಗಿದ್ದವು. ಕೊನೆಗೆ ಬಾಗಿಲು ತೆರೆದಿದ್ದದ್ದು "ಉತ್ತರ ಕರ್ನಾಟಕ ಶೈಲಿಯ ಊಟ" ಎಂಬ ಫಲಕದ ಒಂದು ಖಾನಾವಳಿ. ಮುಂಡರಗಿ ಕಡೆಯ ಹುಡುಗನೊಬ್ಬ ಬಡಿಸಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯನ್ನು ಊರಿನ ಎರಡರಷ್ಟು ಬೆಲೆಗೆ ತಿಂದೆವು. ರೊಟ್ಟಿ ಮುರಿದಾಗ ಸದ್ದಾಯಿತು. ಹಿಟ್ಟು ಇಲ್ಲಿಯದಲ್ಲವೇ ಎಂದು ಹುಡುಗನೇ ನಾಚಿಕೊಂಡ.

ಹೀಗಿರುವಾಗ ಹೇಳಿ, ಟಿಕೆಟ್ಟಿನ ಹಣ ನಾವೇಕೆ ಹಂಚಿಕೊಳ್ಳಬೇಕು? ತಖ್ತೆಗೆ ಉತ್ತರವಾಗಿ ನಾನೂ ಒಂದು ಷರಾ ಬರೆದು ಕಳಿಸಿದ್ದೇನೆ: "ಸದರಿಯವರ ಶಾಲು ನಾಟಕವನ್ನು ಪೂರ್ತಿ ವೀಕ್ಷಿಸಿರುತ್ತದೆ." ಕಾಕಾ ಇನ್ನೂ ಜವಾಬು ಕೊಟ್ಟಿಲ್ಲ. ಬದಲಿಗೆ ಹನ್ನೊಂದರ ಹೊತ್ತಿಗೆ ಕಾಕು ಫೋನ್ ಮಾಡಿದರು, ದನಿ ತಗ್ಗಿಸಿ. ಕಾಕಾ ಪಿಂಚಣಿಯ ಕೆಲಸಕ್ಕೆಂದು ಬ್ಯಾಂಕಿಗೆ ಹೋಗಿದ್ದರಂತೆ, ತೆರೆಯುವುದಕ್ಕಿಂತ ಒಂದು ತಾಸು ಮುಂಚೆ. ಹಣದ ವಿಷಯ ತಲೆಗೆ ಹಚ್ಚಿಕೊಳ್ಳಬೇಡ, ನಾನು ಕೊಡುತ್ತೇನೆ ಎಂದರು. ಆಮೇಲೆ ಸ್ವಲ್ಪ ತಡೆದು ಕೇಳಿದರು:

"ಮದುವೆಯಾದ ಮೇಲೆ ಕಿವಿಯಲ್ಲಿ ಯಾರೂ ಕಥೆ ಹೇಳದೆ ನಾನು ಪೂರ್ತಿ ನೋಡಿದ ನಾಟಕ ಅದೊಂದೇ ನೋಡು. ಮುಂದಿನ ಸಲ ಹೋದಾಗ, ಸರಿಯಾಗಿ ಏಳು ಇಪ್ಪತ್ತೈದಕ್ಕೆ ಇವರಿಗೆ ಒಂದು ಫೋನ್ ಮಾಡಲು ನಿನ್ನ ಮಗಳಿಗೆ ಹೇಳಲು ಆಗುತ್ತದೆಯೇ?"